5400 ಎಂದು ಬರೆದುಕೊಟ್ಟ ಅಂಗಡಿ

ಮಿಷಿಗನ್‌ನ ಮಕೋಂಬ್ ಕೌಂಟಿಯಲ್ಲಿ, ಲೇಕ್ ಸೇಂಟ್ ಕ್ಲೇರ್ ದಡದಿಂದ ತುಸು ಒಳಗೆ, ಬೋಟ್ ಎಂಜಿನ್ ಬಿಚ್ಚಿ ಕಟ್ಟಿಕೊಡುವ ಒಂದು ಸಣ್ಣ ಮಷೀನ್ ಶಾಪ್ ಇದೆ. ಅಪ್ಪ, ಮಗಳು ಇಬ್ಬರೇ ನಡೆಸುತ್ತಾರೆ. ಇರುವ ಕೆಲಸವೇ ಕೈತುಂಬ ಇದೆ, ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಆದರೆ ಅವರು ಮಾಡುವ ಒಂದು ಕೆಲಸದ ಬಗ್ಗೆ ಬರೆಯದೆ ಇರಲಾರೆ. ಎಂಜಿನ್ ವಾಪಸ್ ಕೊಡುವಾಗ ಬಿಲ್ಲಿನ ಜೊತೆ ಒಂದು ಹಾಳೆ ಕೊಡುತ್ತಾರೆ. ಈ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತಿನವರೆಗೆ ತಿರುಗಬಹುದು, ಅದರ ಮೇಲೆ ಯಾಕೆ ಕೂಡದು, ಮೀರಿದರೆ ಯಾವ ಭಾಗ ಮೊದಲು ಸೋಲುತ್ತದೆ ಎಂಬುದೆಲ್ಲ ಅದರಲ್ಲಿ ಕೈಬರಹದಲ್ಲಿರುತ್ತದೆ. ನನ್ನ ಹಾಳೆಯಲ್ಲಿ ಇದ್ದದ್ದು ಇಷ್ಟು: ಪೂರ್ತಿ ಥ್ರಾಟಲ್‌ನಲ್ಲಿ (ವೇಗ ಏರಿಸುವ ಹಿಡಿಯನ್ನು ಪೂರ್ತಿ ತಳ್ಳಿದಾಗ) ಗುರಿ 5200, ಮಿತಿ 5400, ವೇಗ ಮೀರದಂತೆ ತಡೆಯುವ ಲಿಮಿಟರ್ 5500. ಕೆಳಗೆ ಕಾರಣಗಳು.

ನಾನು ಗಂಗೊಳ್ಳಿಯವಳು. ಡೆಟ್ರಾಯಿಟ್ ಬಳಿ ಕಾರು ಕಂಪನಿಯೊಂದರಲ್ಲಿ ಎಂಜಿನ್ ಪರೀಕ್ಷೆ ನನ್ನ ಹೊಟ್ಟೆಪಾಡು. ಕಾರಿನ ಎಂಜಿನ್ ಯಾವ ವೇಗಕ್ಕೆ ಸೋಲುತ್ತದೆ ಎಂದು ನೋಡುವುದು ನಿತ್ಯದ ಕೆಲಸವಾದ್ದರಿಂದ ಈ ಹಾಳೆಯ ಬೆಲೆ ನನಗೆ ಗೊತ್ತು. ಮಾರ್ಪಾಡು ಮಾಡಿದ ಎಂಜಿನ್ನಿಗೆ ಕಾರ್ಖಾನೆಯ ಕೈಪಿಡಿ ಅನ್ವಯಿಸುವುದಿಲ್ಲ. ವಾಲ್ವ್ ತೆರೆಯುವ ಕ್ಯಾಮ್ ಬದಲಾಯಿಸಿದ, ಸಿಲಿಂಡರಿನ ಮೇಲೆ ಕೂರುವ ಹೆಡ್ ಬದಲಾಯಿಸಿದ ಕ್ಷಣದಿಂದ ಅದರ ಗರಿಷ್ಠ ವೇಗ ಎಷ್ಟು ಎಂದು ಹೇಳುವ ಜವಾಬ್ದಾರಿ ಅದನ್ನು ಕಟ್ಟಿದವರ ಮೇಲೆ ಬೀಳುತ್ತದೆ. ಹೆಚ್ಚಿನವರು ಆ ಜವಾಬ್ದಾರಿ ತೆಗೆದುಕೊಳ್ಳುವುದಿಲ್ಲ.

ನಮ್ಮದು 24 ಅಡಿಯ ಬೋಟ್. ಒಳಗಿರುವುದು 1989ರ ಮರ್ಕ್ರೂಸರ್ 454 ಮ್ಯಾಗ್ನಮ್, ಅಂದರೆ ಷೆವರ್ಲೆಯ ಬಿಗ್ ಬ್ಲಾಕ್ ವಿ-8 ಅನ್ನು ನೀರಿಗಾಗಿ ಸಜ್ಜು ಮಾಡಿದ್ದು. ಕಾರ್ಖಾನೆಯಿಂದ ಬಂದಾಗ 365 ಎಚ್‌ಪಿ (ಅಶ್ವಶಕ್ತಿ), ಪೂರ್ತಿ ಥ್ರಾಟಲ್‌ನಲ್ಲಿ 4600ರಿಂದ 5000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ನಡುವೆ ನಿಲ್ಲಬೇಕು ಎಂಬ ಸೂಚನೆ. ಎರಡು ಸಿಲಿಂಡರುಗಳಲ್ಲಿ ಕಂಪ್ರೆಷನ್ ಬಿದ್ದುಹೋಗಿತ್ತು. ಹೇಗೂ ಬಿಚ್ಚಲೇಬೇಕು, ಬಿಚ್ಚಿದ ಮೇಲೆ ಸ್ವಲ್ಪ ಬಲವೂ ಸೇರಲಿ ಎಂದು ಮನೆಯಲ್ಲಿ ತೀರ್ಮಾನವಾಯಿತು. ಸಿಲಿಂಡರನ್ನು 0.030 ಇಂಚು ಕೊರೆದು 460 ಘನ ಇಂಚು ಮಾಡುವುದು, ಫೋರ್ಜ್ಡ್ (ಬಡಿದು ಗಟ್ಟಿ ಮಾಡಿದ) ಪಿಸ್ಟನ್, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಹೊಸ ಕನೆಕ್ಟಿಂಗ್ ರಾಡ್, ಅಲ್ಯೂಮಿನಿಯಂ ಹೆಡ್, ಹೈಡ್ರಾಲಿಕ್ ರೋಲರ್ ಕ್ಯಾಮ್. ಇಷ್ಟು ಪಟ್ಟಿ.

ಮೊದಲು ವಿಚಾರಿಸಿದ್ದು ಬೇರೊಂದು ಅಂಗಡಿಯಲ್ಲಿ. ಪಟ್ಟಿ ಓದಿ ಹೇಳಿ, ಎಷ್ಟು ಆರ್‌ಪಿಎಂ ತನಕ ಓಡಿಸಬಹುದು ಎಂದು ಕೇಳಿದೆ. ಫೋನಿನಲ್ಲೇ ಉತ್ತರ ಬಂತು: ಎಲ್ಲ ಫೋರ್ಜ್ಡ್ ಅಲ್ಲವೇ, ಆರು ಸಾವಿರ, ಚಿಂತೆ ಬೇಡ. ವಾಲ್ವ್ ಸ್ಪ್ರಿಂಗ್ ಯಾವುದು ಎಂದು ಕೇಳಲಿಲ್ಲ, ಪ್ರೊಪೆಲರ್ ಯಾವುದು ಎಂದು ಕೇಳಲಿಲ್ಲ, ಯಾವ ಕೆರೆಯಲ್ಲಿ ಓಡಿಸುತ್ತೀರಿ ಎಂದೂ ಕೇಳಲಿಲ್ಲ. ಆ ಉತ್ತರ ಕೇಳಿಯೇ ನಾನು ಬೇರೆ ಕಡೆ ಹುಡುಕಿದ್ದು.

ಈ ಅಂಗಡಿಯಲ್ಲಿ ಅಪ್ಪ ಕೇಳಿದ ಮೊದಲ ಪ್ರಶ್ನೆಯೇ ಎಲ್ಲಿ ಓಡಿಸುತ್ತೀರಿ ಎಂಬುದು. ಎರಡನೆಯದು, ಬೋಟಿನಲ್ಲಿ ಸಾಮಾನ್ಯವಾಗಿ ಎಷ್ಟು ಜನ. ಮೂರನೆಯದು ಪ್ರೊಪೆಲರಿನ ಪಿಚ್ (ಒಂದು ಸುತ್ತಿಗೆ ಅದು ಲೆಕ್ಕದಲ್ಲಿ ಎಷ್ಟು ಇಂಚು ಮುಂದೆ ಸಾಗುತ್ತದೆ ಎಂಬುದು), ಎಂಜಿನ್ನಿನ ಬಲವನ್ನು ಪ್ರೊಪೆಲರಿಗೆ ಮುಟ್ಟಿಸುವ ಡ್ರೈವ್‌ನ ಗೇರ್ ಅನುಪಾತ. ಎಂಜಿನ್ನಿನ ಮಾತು ಆಮೇಲೆ ಬಂತು. ಇದು ಸರಿಯಾದ ಕ್ರಮ. ಯಾಕೆಂದರೆ ಬೋಟಿನ ಎಂಜಿನ್ ಪಡುವ ಪಾಡು ಕಾರಿನದಕ್ಕಿಂತ ತೀರ ಬೇರೆ. ಹೆದ್ದಾರಿಯಲ್ಲಿ ಓಡುವ ಕಾರು ತನ್ನ ಬಲದ ಸಣ್ಣದೊಂದು ಪಾಲನ್ನಷ್ಟೇ ಬಳಸುತ್ತದೆ. ಕಾಲು ಮೈಲಿ ರೇಸಿನ ಕಾರು 7000 ಮುಟ್ಟಿದರೂ ಕೆಲವೇ ಸೆಕೆಂಡು, ಮತ್ತೆ ಗೇರ್ ಬದಲು, ವೇಗ ಇಳಿಯುತ್ತದೆ. ಬೋಟಿನಲ್ಲಿ ಥ್ರಾಟಲ್ ಪೂರ್ತಿ ತಳ್ಳಿದರೆ ಎಂಜಿನ್ ಅಲ್ಲೇ ನಿಂತು ದುಡಿಯುತ್ತದೆ, ಹತ್ತು ನಿಮಿಷವೋ ಇಪ್ಪತ್ತು ನಿಮಿಷವೋ. ಇಳಿಜಾರು ಎಂಬುದೇ ಇಲ್ಲ. ನೀರು ಹಿಡಿದುಕೊಂಡೇ ಇರುತ್ತದೆ, ಪ್ರೊಪೆಲರ್ ಬೇಡುವ ಬಲ ಆರ್‌ಪಿಎಂ ಏರಿದಂತೆ ಹೆಚ್ಚುಕಡಿಮೆ ಅದರ ಘನದ ಪ್ರಮಾಣದಲ್ಲಿ ಏರುತ್ತದೆ.

ಇನ್ನೊಂದು ವ್ಯತ್ಯಾಸವನ್ನು ಮಗಳು ಬಿಡಿಸಿ ಹೇಳಿದಳು. ಡೈನೋ, ಅಂದರೆ ಎಂಜಿನ್ನಿನ ಬಲ ಅಳೆಯುವ ಯಂತ್ರ, ಅವಳ ಜವಾಬ್ದಾರಿ. ಬಲ ಅತಿ ಹೆಚ್ಚು ಸಿಗುವ ಆರ್‌ಪಿಎಂಗಿಂತ ನಾಲ್ಕೈದು ನೂರು ಮೇಲೆ ಮಿತಿ ಇಟ್ಟುಕೊಳ್ಳಿ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅದು ಗೇರ್ ಬದಲಾಯಿಸುವ ಕಾರಿಗೆ ಹೇಳಿದ ಮಾತು. ಶಿಖರ ದಾಟಿಸಿ ಗೇರ್ ಹಾಕಿದರೆ ಮುಂದಿನ ಗೇರಿನಲ್ಲಿ ಎಂಜಿನ್ ಬಲವಿರುವ ಜಾಗಕ್ಕೆ ಬಂದು ಬೀಳುತ್ತದೆ, ಆದ್ದರಿಂದ ದಾಟಿಸುವುದರಲ್ಲಿ ಲಾಭವಿದೆ. ಬೋಟಿಗೆ ಮುಂದಕ್ಕೆ ಹೋಗಲು ಇರುವುದು ಒಂದೇ ಗೇರ್. ಶಿಖರ ದಾಟಿದ ಮೇಲೆ ಬಲ ಇಳಿಯುತ್ತದೆ, ಸವೆತ ಮಾತ್ರ ಏರುತ್ತದೆ. ನನ್ನ ಎಂಜಿನ್ ಡೈನೋದಲ್ಲಿ 5300ಕ್ಕೆ 487 ಎಚ್‌ಪಿ ಕೊಟ್ಟಿತು, 5700ಕ್ಕೆ 471. ಆ ಕೊನೆಯ ನಾನೂರು ಸುತ್ತಿಗೆ ಹದಿನಾರು ಎಚ್‌ಪಿ ಕಳೆದುಕೊಂಡು ರಾಡ್ ಬೋಲ್ಟನ್ನು ಇನ್ನಷ್ಟು ಎಳೆಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಹಾಳೆಯಲ್ಲಿ ಮೊದಲ ಸಾಲು ಪಿಸ್ಟನ್ ವೇಗದ್ದು. 454ರ ಸ್ಟ್ರೋಕ್ (ಪಿಸ್ಟನ್ ಒಂದು ತುದಿಯಿಂದ ಇನ್ನೊಂದಕ್ಕೆ ಸಾಗುವ ದೂರ) 4 ಇಂಚು, ಅಂದರೆ 101.6 ಮಿಲಿಮೀಟರ್. ಒಂದು ಸುತ್ತಿಗೆ ಪಿಸ್ಟನ್ ಒಮ್ಮೆ ಮೇಲೆ ಹೋಗಿ ಕೆಳಗೆ ಬರುತ್ತದೆ, 203.2 ಮಿಲಿಮೀಟರ್ ಪ್ರಯಾಣ. 5000 ಆರ್‌ಪಿಎಂನಲ್ಲಿ ಸರಾಸರಿ ವೇಗ ಸೆಕೆಂಡಿಗೆ 16.9 ಮೀಟರ್, 5400ರಲ್ಲಿ 18.3, 6000ದಲ್ಲಿ 20.3. ಇಲ್ಲಿನ ಹಳೆಯ ಕೈಗಳು ಇದನ್ನು ನಿಮಿಷಕ್ಕೆ ಅಡಿ ಲೆಕ್ಕದಲ್ಲಿ ಹೇಳುತ್ತಾರೆ. ಸ್ಟ್ರೋಕ್ ಇಂಚಿನಲ್ಲಿ ಹಿಡಿದು ಆರ್‌ಪಿಎಂನಿಂದ ಗುಣಿಸಿ ಆರರಿಂದ ಭಾಗಿಸಿದರೆ ಆಯಿತು: 6000ಕ್ಕೆ ಸರಿಯಾಗಿ 4000 ಅಡಿ. ಒಳ್ಳೆಯ ಬಿಡಿಭಾಗ ಇರುವ ಎಂಜಿನ್ 4000 ಅಡಿಯನ್ನು ತಾಳಿಕೊಳ್ಳುತ್ತದೆ, ರೇಸಿನವು ಇನ್ನೂ ಹೆಚ್ಚು ತಾಳುತ್ತವೆ. ಅವು ಪ್ರತಿ ಸೀಸನ್ನಿಗೂ ಬಿಚ್ಚುವ ಎಂಜಿನ್‌ಗಳು. ಮಕ್ಕಳನ್ನು ಕೂರಿಸಿಕೊಂಡು ಹೋಗುವ, ವರ್ಷಗಟ್ಟಲೆ ಬಿಚ್ಚದೆ ಓಡಬೇಕಾದ ಎಂಜಿನ್ನಿಗೆ 3600 ಅಡಿ ಸಾಕು ಎಂದು ಅಪ್ಪ ನಿಂತ ನಿಲುವಿನಲ್ಲೇ ಹೇಳಿದರು. 3600 ಅಂದರೆ 5400 ಆರ್‌ಪಿಎಂ.

ಸರಾಸರಿ ವೇಗ ಒಂದು ಅಂದಾಜು ಮಾತ್ರ, ನಿಜವಾಗಿ ಲೋಹವನ್ನು ಕೊಲ್ಲುವುದು ವೇಗೋತ್ಕರ್ಷ. ಪಿಸ್ಟನ್ ಮೇಲಿನ ತುದಿಗೆ ಬಂದು ನಿಂತು ತಿರುಗುವ ಆ ಕ್ಷಣದಲ್ಲಿ ರಾಡ್ ಅದನ್ನು ಹಿಡಿದೆಳೆಯಬೇಕು. ಕಂಪ್ರೆಷನ್ ಸ್ಟ್ರೋಕಿನ ಕೊನೆಯಲ್ಲಾದರೆ ಒಳಗಿನ ಅನಿಲದ ಒತ್ತಡ ಪಿಸ್ಟನ್ನಿಗೆ ಅಡ್ಡಬಂದು ಸ್ವಲ್ಪ ತಡೆಯುತ್ತದೆ. ಹೊಗೆ ಹೊರಹಾಕುವ ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿ ವಾಲ್ವ್ ತೆರೆದಿರುತ್ತದೆ, ತಡೆಯುವುದಕ್ಕೆ ಏನೂ ಇಲ್ಲ. ಪೂರ್ತಿ ಭಾರ ರಾಡಿನ ಮೇಲೆ, ರಾಡಿನಿಂದ ಅದರ ಕೆಳಗಿನ ಕ್ಯಾಪ್ ಹಿಡಿದಿರುವ ಎರಡು ಬೋಲ್ಟುಗಳ ಮೇಲೆ. ಬ್ಯಾಲೆನ್ಸ್ ಮಾಡುವಾಗ ಅವರು ಹೇಗೂ ತೂಗುತ್ತಾರಲ್ಲ, ನನ್ನ ಪಿಸ್ಟನ್, ಪಿನ್, ರಿಂಗ್, ರಾಡಿನ ಮೇಲಿನ ತುದಿ ಎಲ್ಲ ಸೇರಿ ಒಂದು ಕಿಲೋ ಹತ್ತಿರ ಬಂತು. 6.135 ಇಂಚು ಉದ್ದದ ರಾಡ್ ಇಟ್ಟು ಲೆಕ್ಕ ಹಾಕಿದರೆ 5200 ಆರ್‌ಪಿಎಂನಲ್ಲಿ ಆ ಒಂದು ಕಿಲೋ ಸುಮಾರು ಎರಡು ಟನ್ ಭಾರದಂತೆ ಎಳೆಯುತ್ತದೆ. 6000ದಲ್ಲಿ 2.7 ಟನ್. ಆರ್‌ಪಿಎಂ ಏರಿದ್ದು ಶೇ. 15, ಎಳೆತ ಏರಿದ್ದು ಶೇ. 33, ಯಾಕೆಂದರೆ ಈ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 5200ರಲ್ಲಿ ಹತ್ತು ನಿಮಿಷ ಓಡಿದರೆ ಪ್ರತಿ ರಾಡೂ ಎಕ್ಸಾಸ್ಟ್ ತುದಿಯ ಆ ಎಳೆತವನ್ನು 26,000 ಸಲ ಅನುಭವಿಸಿರುತ್ತದೆ. ಲೋಹದ ದಣಿವು ಅಂದರೆ ಇದೇ. ಒಂದೇ ಏಟಿಗೆ ಮುರಿಯುವ ಬೋಲ್ಟ್ ಅಪರೂಪ, ಲಕ್ಷಗಟ್ಟಲೆ ಸಲ ಎಳೆದು ಒಂದು ದಿನ ಬಿಡುವುದೇ ಹೆಚ್ಚು. ಬಿಟ್ಟರೆ ರಾಡ್ ಬ್ಲಾಕನ್ನೇ ತೂತು ಮಾಡಿಕೊಂಡು ಹೊರಬರುತ್ತದೆ, ದಡದಿಂದ ಮೈಲಿಗಟ್ಟಲೆ ದೂರದಲ್ಲಿ ಬಿಸಿ ಎಣ್ಣೆ, ಪೆಟ್ರೋಲು ಇರುವ ಮುಚ್ಚಿದ ಎಂಜಿನ್ ಗೂಡಿನೊಳಗೆ. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಆದ್ದರಿಂದಲೇ ರಾಡ್ ವಿಷಯದಲ್ಲಿ ಅವರು ಚೌಕಾಸಿಗೆ ಒಪ್ಪಲಿಲ್ಲ. ಹಳೆಯವನ್ನು ಸರಿಮಾಡಿ ಹಾಕಬಹುದೇ ಎಂದು ನನ್ನ ಗಂಡ ಕೇಳಿದಾಗ, ಹಾಕಬಹುದು, ಆಗ ಹಾಳೆಯಲ್ಲಿ 5000 ಬರೆಯುತ್ತೇನೆ ಎಂದರು. ಹೊಸ ಫೋರ್ಜ್ಡ್ ರಾಡ್, ಎಆರ್‌ಪಿ ಕಂಪನಿಯ 7/16 ಇಂಚಿನ ಬೋಲ್ಟ್ ಹಾಕಿದ್ದಾಯಿತು. ಬೋಲ್ಟನ್ನು ಬರೀ ಟಾರ್ಕ್ ರೆಂಚಿನ ಅಂದಾಜಿನಲ್ಲಿ ಬಿಗಿಯಲಿಲ್ಲ. ಪ್ರತಿಯೊಂದಕ್ಕೂ ಗೇಜ್ ಇಟ್ಟು, ಬಿಗಿದಾಗ ಎಷ್ಟು ಉದ್ದವಾಯಿತು ಎಂದು ಅಳೆದು ಬರೆದಿಟ್ಟಿದ್ದಾರೆ. ಆ ಹದಿನಾರು ಸಂಖ್ಯೆಗಳೂ ನನ್ನ ಹಾಳೆಯ ಹಿಂಬದಿಯಲ್ಲಿವೆ. ಮುಂದೆ ಯಾರಾದರೂ ಎಂಜಿನ್ ಬಿಚ್ಚಿದರೆ ಬೋಲ್ಟಿನ ಬಿಡಿ ಉದ್ದವನ್ನು ಹೋಲಿಸಿ ನೋಡಬಹುದು, ಶಾಶ್ವತವಾಗಿ ಹಿಗ್ಗಿದ್ದರೆ ಎಸೆಯಬೇಕು.

ಇಷ್ಟಾಗಿಯೂ ನನ್ನ ಎಂಜಿನ್ನಿನ ಮಿತಿಯನ್ನು ಕೊನೆಗೆ ನಿರ್ಧರಿಸಿದ್ದು ರಾಡ್ ಅಲ್ಲ, ವಾಲ್ವ್ ಸ್ಪ್ರಿಂಗ್. ಈ ಭಾಗವನ್ನು ತುಂಬ ಜನ ಮರೆಯುತ್ತಾರೆ. ಬಿಗ್ ಬ್ಲಾಕಿನ ಇನ್‌ಟೇಕ್ ವಾಲ್ವ್ ಐದೂವರೆ ಸೆಂಟಿಮೀಟರ್ ಅಗಲ, ಭಾರ ಜಾಸ್ತಿ. ಕ್ಯಾಮಿನ ತಳ್ಳಿಕೆಯನ್ನು ವಾಲ್ವಿನ ಕಡೆಗೆ ಮುಟ್ಟಿಸುವ ರೋಲರ್ ಲಿಫ್ಟರ್ ಸಹ ಭಾರ. ಕ್ಯಾಮ್ ತಳ್ಳಿದ ವಾಲ್ವನ್ನು ಮತ್ತೆ ಮುಚ್ಚಿಸುವುದು ಸ್ಪ್ರಿಂಗ್ ಒಂದೇ. ವೇಗ ಹೆಚ್ಚಾದಾಗ ಸ್ಪ್ರಿಂಗಿಗೆ ಅಷ್ಟು ಬೇಗ ಮುಚ್ಚಿಸಲು ಆಗುವುದಿಲ್ಲ, ವಾಲ್ವ್ ಕ್ಯಾಮಿನ ಆಕಾರವನ್ನು ಬಿಟ್ಟು ತೇಲುತ್ತದೆ, ಸೀಟಿಗೆ ಬಡಿದು ಪುಟಿಯುತ್ತದೆ. ಹೈಡ್ರಾಲಿಕ್ ಲಿಫ್ಟರಿಗೆ ಇನ್ನೊಂದು ರೋಗವಿದೆ: ಆ ಪುಟಿತದಲ್ಲಿ ಸಡಿಲ ಸಿಕ್ಕಿತೆಂದು ಒಳಗೆ ಎಣ್ಣೆ ತುಂಬಿಕೊಂಡು ಉದ್ದವಾಗುತ್ತದೆ, ಆಮೇಲೆ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಪಿಸ್ಟನ್ ಮೇಲೆ ಬಂದಾಗ ವಾಲ್ವ್ ಇನ್ನೂ ಕೆಳಗಿದ್ದರೆ ಎರಡೂ ಮುಖಾಮುಖಿಯಾಗುತ್ತವೆ. ಆಮೇಲೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಸ್ಪ್ರಿಂಗ್ ಡಬ್ಬಿಯ ಮೇಲೆ ಏನು ಬರೆದಿದೆ ಎಂಬುದನ್ನು ಇವರು ನಂಬುವುದಿಲ್ಲ. ಹದಿನಾರನ್ನೂ ಟೆಸ್ಟರ್ ಮೇಲೆ ಇಟ್ಟು ಒತ್ತಿ ನೋಡಿದರು. ವಾಲ್ವ್ ಮುಚ್ಚಿದ ಎತ್ತರದಲ್ಲಿ 150 ಪೌಂಡ್, ಪೂರ್ತಿ ತೆರೆದ ಎತ್ತರದಲ್ಲಿ 400ರ ಹತ್ತಿರ ಬರಬೇಕಿತ್ತು. ಹೊಸ ಸ್ಪ್ರಿಂಗುಗಳಲ್ಲೇ ಎರಡು ಕಡಿಮೆ ತೋರಿಸಿದವು, ಅವನ್ನು ತೆಗೆದಿಟ್ಟು ಬೇರೆ ತರಿಸಿದರು. ಹದಿನಾರರಲ್ಲಿ ಅತಿ ದುರ್ಬಲವಾದದ್ದು ಯಾವುದೋ ಅದೇ ಎಂಜಿನ್ನಿನ ಮಿತಿ ಎಂಬುದು ಅವರ ಲೆಕ್ಕ, ಸರಾಸರಿಗೆ ಇಲ್ಲಿ ಕೆಲಸವಿಲ್ಲ.

ಡೈನೋ ದಿನ ನಾನೂ ಹೋಗಿದ್ದೆ. ಮಗಳು ಎಂಜಿನ್ನನ್ನು ನಿಧಾನವಾಗಿ ಕಾಯಿಸಿ, ಎಣ್ಣೆ ಬಿಸಿಯಾದ ಮೇಲೆ 3000ದಿಂದ ಮೇಲಕ್ಕೆ ಎಳೆಸಿದಳು. ಬಲದ ಗೆರೆ 5600ರ ತನಕ ನಯವಾಗಿತ್ತು. 5700 ದಾಟುತ್ತಿದ್ದಂತೆ ಗೆರೆಯಲ್ಲಿ ಸಣ್ಣ ನಡುಕ. ಎರಡನೆಯ ಸಲವೂ ಅದೇ ಜಾಗದಲ್ಲಿ ಅದೇ ನಡುಕ. ಕಿವಿಗೆ ಏನೂ ತಿಳಿಯುವುದಿಲ್ಲ, ನೋಡುಗರು ಹೆಚ್ಚಿನವರು ಅಳತೆಯ ತಪ್ಪೆಂದು ಬಿಟ್ಟುಬಿಡುತ್ತಾರೆ. ಅವಳು ಅಲ್ಲಿಗೇ ನಿಲ್ಲಿಸಿದಳು. ವಾಲ್ವುಗಳು ಕ್ಯಾಮನ್ನು ಬಿಡಲು ಶುರುಮಾಡುವ ಜಾಗ ಇದು, ಇದರ ಮೇಲೆ ನೋಡುವುದಕ್ಕೆ ಏನೂ ಇಲ್ಲ ಎಂದಳು. ಆ ಜಾಗದಿಂದ 300 ಕೆಳಗೆ, ಅಂದರೆ 5400ಕ್ಕೆ ಮಿತಿ. ಮುನ್ನೂರು ಯಾಕೆಂದು ಕೇಳಿದೆ. ಡೈನೋದಲ್ಲಿ ಒಂದು ಎಳೆತ ಕೆಲವು ಸೆಕೆಂಡಿನದು, ಕೆರೆಯಲ್ಲಿ ನಿಮಿಷಗಟ್ಟಲೆ. ಸ್ಪ್ರಿಂಗ್ ಬಿಸಿಯಾದಂತೆ, ಹಳೆಯದಾದಂತೆ ಸಡಿಲಾಗುತ್ತದೆ. ನಡುಕದ ಜಾಗ ವರ್ಷದಿಂದ ವರ್ಷಕ್ಕೆ ಕೆಳಗೆ ಸರಿಯುತ್ತದೆ, ಅದು ಮಿತಿಯನ್ನು ಮುಟ್ಟುವ ಮೊದಲೇ ಸ್ಪ್ರಿಂಗ್ ಬದಲಾಗಬೇಕು. ನೂರು ಗಂಟೆ ಓಡಿದ ಮೇಲೆ ಒಮ್ಮೆ ಸ್ಪ್ರಿಂಗ್ ಅಳೆಸಲು ತನ್ನಿ, ಅಥವಾ ನೀವೇ ಅಳೆಯಿರಿ ಎಂದು ಹಾಳೆಯಲ್ಲೇ ಬರೆದಿದ್ದಾರೆ. ಪಿಸ್ಟನ್ ವೇಗದ ಲೆಕ್ಕವೂ ಸ್ಪ್ರಿಂಗಿನ ಲೆಕ್ಕವೂ ಇಲ್ಲಿ ಒಂದೇ ಸಂಖ್ಯೆಗೆ ಬಂದು ನಿಂತದ್ದು ಅದೃಷ್ಟ. ಬೇರೆ ಬಂದಿದ್ದರೆ ಕೆಳಗಿನದನ್ನೇ ಬರೆಯುತ್ತಿದ್ದರು.

ಎಣ್ಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾವಿರ ಆರ್‌ಪಿಎಂಗೆ ಹತ್ತು ಪಿಎಸ್ಐ ಒತ್ತಡ ಎಂಬ ಹಳೆಯ ನಿಯಮವನ್ನು ಬಿಸಿ ಎಣ್ಣೆಯಲ್ಲೇ ಪರೀಕ್ಷಿಸಿದರು, 5400ರಲ್ಲಿ 58 ಇತ್ತು. ಹಳೆಯ ಆಯಿಲ್ ಕೂಲರನ್ನು ದೊಡ್ಡದಕ್ಕೆ ಬದಲಾಯಿಸಿ ಎಂದರು, ಬದಲಾಯಿಸಿದೆವು.

ಈಗ ಪ್ರೊಪೆಲರ್. ಎಂಜಿನ್ನಿಗೆ 5400 ಎಂದು ಹಾಳೆಯಲ್ಲಿ ಬರೆದರೆ ನೀರಿಗೆ ಅದು ಗೊತ್ತಾಗುವುದಿಲ್ಲ. ಬೋಟು ಯಾವ ಆರ್‌ಪಿಎಂನಲ್ಲಿ ನಿಲ್ಲುತ್ತದೆ ಎಂಬುದನ್ನು ಪ್ರೊಪೆಲರಿನ ಪಿಚ್ ನಿರ್ಧರಿಸುತ್ತದೆ. ಒಂದು ಇಂಚು ಪಿಚ್ ಹೆಚ್ಚಿಸಿದರೆ ಸುಮಾರು 150ರಿಂದ 200 ಆರ್‌ಪಿಎಂ ಇಳಿಯುತ್ತದೆ. ನಮ್ಮ ಹಳೆಯದು 22 ಪಿಚ್‌ನ ಬ್ರಾವೊ ಒನ್ ಪ್ರೊಪೆಲರ್. ಹೊಸ ಬಲಕ್ಕೆ ಅದು ಸಾಲದು, 5500 ದಾಟಿಹೋಗುತ್ತದೆ, 24 ತನ್ನಿ ಎಂದು ಎಂಜಿನ್ ಇಳಿಸುವ ಮೊದಲೇ ಅಪ್ಪ ಲೆಕ್ಕ ಕೊಟ್ಟಿದ್ದರು. 24ರಲ್ಲಿ ಇಬ್ಬರು, ಅರ್ಧ ಟ್ಯಾಂಕ್ ಪೆಟ್ರೋಲು, ತಂಪು ಹವೆ ಇದ್ದಾಗ 5200ರಲ್ಲಿ ನಿಂತಿತು, ಜಿಪಿಎಸ್‌ನಲ್ಲಿ ಗಂಟೆಗೆ 67 ಮೈಲಿ. 1.5 ಗೇರ್ ಅನುಪಾತಕ್ಕೆ ಲೆಕ್ಕ ಹಾಕಿದರೆ ಸ್ಲಿಪ್ (ನೀರಿನಲ್ಲಿ ಜಾರಿ ಕಳೆದುಹೋಗುವ ಪಾಲು) ಶೇ. 15. ಹಗುರ ಬೋಟಿನಲ್ಲಿ, ತಂಪಾದ ದಿನ ಪರೀಕ್ಷಿಸಿ ಎಂದು ಅವರು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಜುಲೈನ ಸೆಖೆಯಲ್ಲಿ ಆರು ಜನ ಕೂತಾಗ 5200 ಬರುವಂತೆ ಪ್ರೊಪೆಲರ್ ಆರಿಸಿದರೆ, ಸೆಪ್ಟೆಂಬರಿನ ತಂಪು ಬೆಳಿಗ್ಗೆ ಒಬ್ಬರೇ ಹೋದಾಗ ಅದು ಮಿತಿ ದಾಟುತ್ತದೆ.

ಹಾಗೆಂದು ಪಿಚ್ ಹೆಚ್ಚಿದಷ್ಟೂ ಒಳ್ಳೆಯದು ಎಂದುಕೊಳ್ಳಬಾರದು. 28 ಹಾಕಿ 4500ಕ್ಕೆ ನಿಲ್ಲಿಸಿದರೆ ಎಂಜಿನ್ ಸುರಕ್ಷಿತ ಎಂದು ನಂಬಿದವರನ್ನು ನಾನು ಹಡಗುಕಟ್ಟೆಯಲ್ಲಿ ಕಂಡಿದ್ದೇನೆ. ಪೂರ್ತಿ ಥ್ರಾಟಲ್, ಕಡಿಮೆ ಸುತ್ತು ಅಂದರೆ ಸಿಲಿಂಡರಿನೊಳಗೆ ಒತ್ತಡ, ಬಿಸಿ ಎರಡೂ ಜಾಸ್ತಿ. ಇಂಧನ ತಾನಾಗಿ ಸಿಡಿದು ಪಿಸ್ಟನ್ನಿನ ತಲೆ ಕರಗುವುದು ಅಲ್ಲೇ. ಕಾರ್ಖಾನೆಗಳು ಪೂರ್ತಿ ಥ್ರಾಟಲಿಗೆ ಒಂದೇ ಸಂಖ್ಯೆ ಕೊಡದೆ ಕೆಳಗಿನದು, ಮೇಲಿನದು ಎಂದು ಎರಡು ಕೊಡುವುದು ಇದಕ್ಕಾಗಿ. ನನ್ನ ಹಾಳೆಯಲ್ಲೂ ಕೆಳಗಿನ ಅಂಚು ಇದೆ: ತುಂಬಿದ ಬೋಟಿನಲ್ಲೂ 4900ಕ್ಕಿಂತ ಇಳಿಯಬಾರದು.

ಲಿಮಿಟರ್ ಯಾಕೆ ಬೇಕು ಎಂದರೆ ಲೇಕ್ ಸೇಂಟ್ ಕ್ಲೇರಿನ ಸ್ವಭಾವ ಗೊತ್ತಿರಬೇಕು. ಸುಮಾರು 1,100 ಚದರ ಕಿಲೋಮೀಟರ್ ಹರವು, ಸರಾಸರಿ ಆಳ ಮೂರೂವರೆ ಮೀಟರ್ ಕೂಡ ಇಲ್ಲ. ಗಾಳಿ ಎದ್ದರೆ ತಗ್ಗು ನೀರಿನಲ್ಲಿ ಗಿಡ್ಡ, ಕಡಿದಾದ, ಒತ್ತೊತ್ತಾದ ಅಲೆಗಳು ಏಳುತ್ತವೆ. ಅರವತ್ತು ಮೈಲಿ ವೇಗದಲ್ಲಿ ಬೋಟಿನ ಹಿಂಬದಿ ಎದ್ದು ಪ್ರೊಪೆಲರ್ ಗಾಳಿಗೆ ಬಂದರೆ ಭಾರ ಸೊನ್ನೆ, ಎಂಜಿನ್ ಕಣ್ಣುಮುಚ್ಚಿ ತೆರೆಯುವುದರೊಳಗೆ ಮಿತಿ ದಾಟುತ್ತದೆ. ನಮ್ಮ ಗಂಗೊಳ್ಳಿಯ ಅಳಿವೆ ದಾಟುವಾಗ ನಾಡದೋಣಿಯವರ ಕೈ ಔಟ್‌ಬೋರ್ಡಿನ ಥ್ರಾಟಲ್ ಮೇಲೇ ಇರುತ್ತದೆ, ಅಲೆ ಹಿಂಬದಿಯನ್ನು ಎತ್ತುವ ಮೊದಲೇ ಇಳಿಸುತ್ತಾರೆ, ಕೂತ ಮೇಲೆ ಏರಿಸುತ್ತಾರೆ. ಅವರ ಕೈಗೆ ಬಂದಿರುವ ಆ ಬುದ್ಧಿಯನ್ನು ಮೀರಿಸುವ ಯಂತ್ರ ಇಲ್ಲ. ಆದರೆ ಇಲ್ಲಿನ ಬೋಟಿನ ವೇಗಕ್ಕೆ ಯಾವ ಕೈಯೂ ಸಾಲುವುದಿಲ್ಲ. ಪ್ರೊಪೆಲರ್ ಮತ್ತೆ ನೀರಿಗೆ ಬಿದ್ದಾಗ ಅತಿವೇಗದಲ್ಲಿ ತಿರುಗುತ್ತಿದ್ದ ಎಂಜಿನ್ ಒಮ್ಮೆಲೆ ಹಿಡಿದಂತಾಗಿ ಡ್ರೈವಿನ ಗೇರಿಗೆ ಏಟು ಬೀಳುತ್ತದೆ. 487 ಎಚ್‌ಪಿ ಎಂಬುದು ನಮ್ಮ ಡ್ರೈವಿಗೆ (ಅದರ ಹೆಸರೂ ಬ್ರಾವೊ ಒನ್) ಈಗಾಗಲೇ ಮೇಲಿನ ಅಂಚು, ಆ ಏಟು ಬೇಡ ಎಂದು ಅಪ್ಪ ಹೇಳಿದರು.

ಅವರು ಹಾಕಿದ್ದು ಎಂಎಸ್‌ಡಿ ಕಂಪನಿಯ 6ಎಂ-2ಎಲ್ ಎಂಬ ಮರೀನ್ ಇಗ್ನಿಷನ್ ಬಾಕ್ಸ್, ಅಂದರೆ ಎಂಜಿನ್ನಿಗೆ ಕಿಡಿ ಕೊಡುವ ಪೆಟ್ಟಿಗೆ, ಲಿಮಿಟರ್ ಅದರೊಳಗೇ ಇದೆ. ಮಿತಿಯ ಸಂಖ್ಯೆಯನ್ನು ಒಂದು ಪುಟ್ಟ ಮಾಡ್ಯೂಲ್ ಚುಚ್ಚಿ ಹೇಳಬೇಕು. ಮಿತಿ ಮುಟ್ಟಿದಾಗ ಎಲ್ಲ ಸಿಲಿಂಡರಿನ ಕಿಡಿಯನ್ನೂ ಒಮ್ಮೆಗೇ ಕಡಿಯುವುದಿಲ್ಲ, ಒಂದೊಂದರದ್ದನ್ನು ಬಿಟ್ಟು ಬಿಟ್ಟು ಕೊಡುತ್ತದೆ, ಹಾಗಾಗಿ ಎಂಜಿನ್ ಜರ್ಕ್ ಹೊಡೆಯುವುದಿಲ್ಲ. ಕಾರಿನ ಬಾಕ್ಸ್ ಇದಕ್ಕಿಂತ ಅಗ್ಗ, ಅದನ್ನೇ ಬೋಟಿಗೆ ಹಾಕಿಕೊಂಡವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪೆಟ್ರೋಲ್ ಬೋಟಿನ ಎಂಜಿನ್ ಗೂಡಿನಲ್ಲಿ ಆವಿ ಗಾಳಿಗಿಂತ ಭಾರವಾಗಿ ತಳದಲ್ಲಿ ಕೂರುತ್ತದೆ. ಅಲ್ಲಿರುವ ವಿದ್ಯುತ್ ಉಪಕರಣ ಆ ಆವಿಗೆ ಬೆಂಕಿ ಹೊತ್ತಿಸದಂತೆ ಎಸ್ಎಇ ಜೆ1171 ಮಾನದಂಡಕ್ಕೆ ಹೊಂದುವಂತೆ ಮಾಡಿದ್ದಿರಬೇಕು. ಲಿಮಿಟರ್ ಕೆಲಸ ಮಾಡುತ್ತದೆಯೇ ಎಂದು ನೋಡಲು ಮಗಳು 3000ದ ಮಾಡ್ಯೂಲ್ ಚುಚ್ಚಿ ಮೊದಲು ಅಲ್ಲಿಗೆ ಮುಟ್ಟಿಸಿದಳು. ಭಾರವಿಲ್ಲದ ಎಂಜಿನ್ನನ್ನು 5500ಕ್ಕೆ ಎಬ್ಬಿಸಿ ಪರೀಕ್ಷಿಸುವ ಅವಿವೇಕ ಅಲ್ಲಿ ನಡೆಯುವುದಿಲ್ಲ. ಲಿಮಿಟರ್ ಮೇಲೆ ಎಂಜಿನ್ ಒರಗಿಸಿ ಓಡಿಸುವಂತೆಯೂ ಇಲ್ಲ. ಕಿಡಿ ಸಿಗದ ಇಂಧನ ಎಕ್ಸಾಸ್ಟಿಗೆ ಹೋಗುತ್ತದೆ. ಪದೇ ಪದೇ ಲಿಮಿಟರ್ ಮುಟ್ಟುತ್ತಿದ್ದರೆ ಪ್ರೊಪೆಲರ್ ತಪ್ಪಾಗಿದೆ ಎಂದೇ ಅರ್ಥ.

ಇನ್ನೊಂದು ವಿಷಯ ನನಗೆ ತುಂಬ ಹಿಡಿಸಿತು. ಎಂಜಿನ್ ಕೂರಿಸಿದ ಮೇಲೆ ಆರ್‌ಪಿಎಂ ತೋರಿಸುವ ಡ್ಯಾಷ್‌ಬೋರ್ಡಿನ ಟ್ಯಾಕೋಮೀಟರನ್ನು, ಬೆಳಕಿನಿಂದ ಸುತ್ತು ಎಣಿಸುವ ಫೋಟೋ ಟ್ಯಾಕ್ ಇಟ್ಟು ಹೋಲಿಸಿದರು. ನಮ್ಮದು 5000ದ ಜಾಗದಲ್ಲಿ 4750 ತೋರಿಸುತ್ತಿತ್ತು. ಬೋಟ್ ಟ್ಯಾಕೋಮೀಟರಿನ ಹಿಂದೆ ನಾಲ್ಕು, ಆರು, ಎಂಟು ಸಿಲಿಂಡರ್ ಆರಿಸುವ ಸ್ವಿಚ್ ಇರುತ್ತದೆ, ತೇವಕ್ಕೆ ಅದರ ಸಂಪರ್ಕ ಕಿಲುಬು ಹಿಡಿದು ಸುಳ್ಳು ಹೇಳತೊಡಗುತ್ತದೆ. ಮುಳ್ಳು 5200ರಲ್ಲಿದೆ ಎಂದು ನಂಬಿ ಓಡಿಸಿದ್ದರೆ ನಿಜದಲ್ಲಿ 5400 ದಾಟಿರುತ್ತಿದ್ದೆವು. ಮಿತಿ ಎಷ್ಟೇ ಜಾಣತನದಿಂದ ಆರಿಸಿದರೂ ಅಳೆಯುವ ಮುಳ್ಳು ತಪ್ಪಾಗಿದ್ದರೆ ಏನು ಪ್ರಯೋಜನ?

ಈ ಊರಿಗೆ ಈ ಶ್ರದ್ಧೆ ಹೊಸದಲ್ಲ. ಕೆರೆಯ ಉತ್ತರಕ್ಕೆ ಸೇಂಟ್ ಕ್ಲೇರ್ ನದಿಯ ದಡದಲ್ಲಿರುವ ಆಲ್ಗೊನ್ಯಾಕಿನಲ್ಲಿ 1932ರಲ್ಲಿ ಬೋಟ್ ರೇಸಿನ ಗಾರ್ ವುಡ್ ಎಂಬಾತ ತನ್ನ ಮಿಸ್ ಅಮೆರಿಕ 10 ಬೋಟನ್ನು ಗಂಟೆಗೆ 124.9 ಮೈಲಿ ಓಡಿಸಿದ್ದ, ನಾಲ್ಕು ಪ್ಯಾಕಾರ್ಡ್ ವಿ-12 ಎಂಜಿನ್‌ಗಳಿಂದ. ನೀರಿನ ಮೇಲೆ ನಿಮಿಷಕ್ಕೆ ಎರಡು ಮೈಲಿ ದಾಟಿದ ಮೊದಲ ಬೋಟ್ ಅದು. ಅಂಗಡಿಯ ಗೋಡೆಯ ಮೇಲೆ ಅದರ ಚಿತ್ರವೊಂದಿದೆ. ಕಾರಿಗೆ ಬೇಕಾದ ಸೂಕ್ಷ್ಮ ಅಳತೆಯ ಯಂತ್ರಗಳು, ಅವನ್ನು ಓದಬಲ್ಲ ಕೈಗಳು, ಎದುರಿಗೇ ನೀರು, ಮೂರೂ ಒಂದೇ ಕಡೆ ಇರುವ ಜಾಗ ಜಗತ್ತಿನಲ್ಲಿ ಹೆಚ್ಚಿಲ್ಲ.

ಕೊರತೆಗಳನ್ನೂ ಹೇಳಬೇಕು. ಏಪ್ರಿಲ್ ಕೊನೆಗೆ ಕೊಡುತ್ತೇವೆ ಎಂದ ಎಂಜಿನ್ ಮೇ ಕೊನೆಯ ಮೆಮೋರಿಯಲ್ ಡೇ ರಜೆ ಕಳೆದ ಮೇಲೆ ಬಂತು. ಇಲ್ಲಿ ಸೀಸನ್ ಮೇಯಿಂದ ಅಕ್ಟೋಬರ್ ತನಕ ಅಷ್ಟೇ, ಮೊದಲ ದೀರ್ಘ ವಾರಾಂತ್ಯ ತಪ್ಪಿಹೋಗುವುದು ಸಣ್ಣ ನಷ್ಟವಲ್ಲ. ಫೋನ್ ಎತ್ತುವುದಿಲ್ಲ, ಅಂಗಡಿಗೇ ಹೋಗಬೇಕು. ತಡವಾಗುತ್ತದೆ ಎಂದು ಅವರಾಗಿ ಒಮ್ಮೆಯೂ ತಿಳಿಸಲಿಲ್ಲ, ಇದು ನನಗೆ ನಿಜಕ್ಕೂ ಬೇಸರ ತಂದಿತು. ಪ್ರೊಪೆಲರ್ ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ, ಪಿಚ್ ಹೇಳಿ ಬೇರೆ ಅಂಗಡಿಗೆ ಕಳಿಸುತ್ತಾರೆ. ನೀರಿನಲ್ಲಿ ಪರೀಕ್ಷೆಗೆ ಜೊತೆಗೆ ಬರಬೇಕೆಂದರೆ ಗಂಟೆಗಿಷ್ಟು ಎಂದು ಪ್ರತ್ಯೇಕ ದರ. ಡೈನೋ ಒಂದಕ್ಕೇ ಸಾವಿರ ಡಾಲರಿಗೆ ಹತ್ತಿರವಾಯಿತು, ಅಗ್ಗವಲ್ಲ. ಕ್ಯಾಮ್ ಬದಲಾಯಿಸಿ ಡೈನೋ ಬೇಡ ಎನ್ನುವವರಿಗೆ ಅವರು ಹಾಳೆ ಬರೆದುಕೊಡುವುದಿಲ್ಲ, ಅದೂ ನ್ಯಾಯವೇ.

ಇಲ್ಲಿನ ಕನ್ನಡ ಗೆಳೆಯರಲ್ಲಿ ಹಳೆಯ ಬೋಟ್ ಕೊಂಡು ಎಂಜಿನ್ ಬಲಪಡಿಸುವ ಆಸೆ ಇಟ್ಟುಕೊಂಡವರು ಹೆಚ್ಚುತ್ತಿದ್ದಾರೆ, ವಿಳಾಸ ಬೇಕಿದ್ದರೆ ನೇರವಾಗಿ ಕೇಳಿ. ಬೋಟನ್ನು ಚಳಿಗಾಲಕ್ಕೆ ಮುಚ್ಚಿಡುವ ಮೊದಲೇ, ಅಕ್ಟೋಬರಿನಲ್ಲೇ ಸರದಿ ಹಿಡಿಯಿರಿ. ಹೋಗುವಾಗ ಪ್ರೊಪೆಲರಿನ ಮೇಲೆ ಕೊರೆದಿರುವ ಸಂಖ್ಯೆ, ಡ್ರೈವಿನ ಗೇರ್ ಅನುಪಾತ, ಈಗ ಪೂರ್ತಿ ಥ್ರಾಟಲ್‌ನಲ್ಲಿ ಬರುತ್ತಿರುವ ಆರ್‌ಪಿಎಂ, ಜಿಪಿಎಸ್ ವೇಗ ಇವನ್ನು ಬರೆದುಕೊಂಡು ಹೋಗಿ, ಎಂಜಿನ್ನಿನ ಮಾತಿಗೆ ಮೊದಲೇ ಅಪ್ಪ ಇವನ್ನು ಕೇಳುತ್ತಾರೆ.